ಬೆರಳು ಎತ್ತುವ ಮುಂಚೆ

ನಡೆಗಳನ್ನು ಬರೆದಿಟ್ಟುಕೊಂಡು ನಾನು ಆಡಿದ ಮೊದಲ ಆಟದಲ್ಲಿ ನನ್ನ ಆನೆ ಪುಕ್ಕಟೆ ಹೋಯಿತು. ಎದುರಿಗೆ ಕೂತಿದ್ದವರು ನಮ್ಮ ಇಲಾಖೆಯ ಬೆಳಗಾವಿ ಕಚೇರಿಯ ಲೆಕ್ಕಿಗರು, ಇಲಾಖೆಯ ಚೆಸ್ ತಂಡದ ನಾಯಕರು. ಅವರ ಒಂಟೆ ಆಟದ ಶುರುವಿನಿಂದಲೂ ಒಂದು ಮೂಲೆಯಲ್ಲಿ ಸುಮ್ಮನೆ ನಿಂತಿತ್ತು. ಅದರ ದಾರಿಗೆ ನನ್ನ ಕುದುರೆ ಅಡ್ಡ ಇತ್ತು. ಆ ಕುದುರೆಯನ್ನು ಎರಡು ಸಲ ಹಾರಿಸಿದರೆ ಅವರ ರಾಜ, ವಜೀರ ಎರಡೂ ಒಟ್ಟಿಗೆ ಸಿಗುತ್ತವೆ ಎಂದು ನನಗೆ ಹೊಳೆಯಿತು. ಖುಷಿಯಲ್ಲಿ ಎತ್ತಿದೆ. ಒಂಟೆ ಓರೆಯಾಗಿ ಇಡೀ ಬೋರ್ಡು ದಾಟಿ ಬಂದು ನನ್ನ ಆನೆಯನ್ನು ತೆಗೆಯಿತು.

"ಆಪರೇಟರ್ ಸಾಹೇಬ್ರ, ಈ ಒಂಟಿ ಈಗ ಬಂದದ್ದಲ್ಲ. ನೀವು ಚಹಾ ಕುಡಿಯೂ ಮೊದಲಿಂದ ಅಲ್ಲೇ ನಿಂತೈತಿ," ಎಂದರು ಲೆಕ್ಕಿಗರು.

ನಾನು ಖಾನಾಪುರದ ವಿದ್ಯುತ್ ಉಪಕೇಂದ್ರದಲ್ಲಿ ಪಾಳಿಯ ಮೇಲೆ ಕೆಲಸ ಮಾಡುವ ಆಪರೇಟರ್. ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಹೆಂಡತಿ ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ತೀರಿಕೊಂಡಳು. ಅವಳ ಕಾಯಿಲೆ ಶುರುವಾದಾಗಲೇ ಮಗಳನ್ನು ಅದೇ ಊರಿನ ಹಿಂದವಾಡಿಯಲ್ಲಿ ಅವಳ ಅಜ್ಜಿಯ, ಅಂದರೆ ನನ್ನ ಅತ್ತೆಯ, ಹತ್ತಿರ ಬಿಟ್ಟಿದ್ದೆವು. ಹುಡುಗಿ ಆಗ ಎಂಟನೇ ತರಗತಿ. ದೀಪಾವಳಿ ಕಳೆದ ಮೇಲೆ ಅತ್ತೆ ನನ್ನನ್ನು ಕೂರಿಸಿಕೊಂಡು ಮಾತಾಡಿದರು. ಬೇಸಿಗೆ ರಜೆಗೆ ಅವರು ಪುಣೆಗೆ, ಮಗನ ಮನೆಗೆ ಹೋಗುವವರಿದ್ದರು. ಮತ್ತೆ ತಿರುಗಿ ಬರುವ ವಿಚಾರ ಇರಲಿಲ್ಲ.

"ಹುಡುಗೀನೂ ಕರ್ಕೊಂಡು ಹೋಗ್ತೀನ್ರಿ. ನಿಮ್ಮ ಕ್ವಾರ್ಟರ್ಸು ಊರ ಹೊರಗೈತಿ. ನೀವು ರಾತ್ರಿ ಪಾಳಿಗೆ ಹೋದ್ರ ಆಕಿ ಒಬ್ಬಾಕಿ ಹೆಂಗ ಇರ್ತಾಳ? ನೀವ ಹೇಳ್ರಿ," ಎಂದರು.

ಅವರು ಹೇಳಿದ್ದರಲ್ಲಿ ತಪ್ಪು ಇರಲಿಲ್ಲ. ಬೆಳಗಾವಿಗೆ, ಹಗಲು ಕೆಲಸಕ್ಕೆ ವರ್ಗ ಸಿಕ್ಕರೆ ಮಾತ್ರ ಮಗಳು ನನ್ನೊಂದಿಗೆ ಇರಬಹುದು. ಅರ್ಜಿ ಕೊಟ್ಟೆ. ಜಾಗ ಖಾಲಿ ಇಲ್ಲ ಎಂದು ಉತ್ತರ ಬಂತು. ಆ ಉತ್ತರವನ್ನು ನನ್ನ ಕೈಗೆ ಕೊಟ್ಟವರು ಇದೇ ಲೆಕ್ಕಿಗರು. ನನ್ನ ಮುಖ ನೋಡಿ ಒಳಗೆ ಕರೆದರು. ಇಲಾಖೆಯ ಆಟಗಾರರನ್ನು ಬೆಳಗಾವಿಯ ಕಚೇರಿಯಲ್ಲೇ ಹಗಲು ಕೆಲಸಕ್ಕೆ ಇಟ್ಟುಕೊಳ್ಳುವ ಪದ್ಧತಿ ಇದೆ, ಸಂಜೆ ಅಭ್ಯಾಸಕ್ಕೆ ಸಿಗಲಿ ಎಂದು. ಚೆಸ್ ತಂಡದಲ್ಲಿ ನಾಲ್ಕು ಜನ, ಒಬ್ಬರು ನಿವೃತ್ತರಾಗಿದ್ದಾರೆ, ಬೇಸಿಗೆಗೆ ಮುಂಚೆ ಆಯ್ಕೆ ಪಂದ್ಯ ಇದೆ ಎಂದರು.

"ಆಡಾಕ ಬರ್ತೈತೇನ್ರಿ ನಿಮಗ?"

"ಮನ್ಯಾಗ ಆಡ್ತಿದ್ದೆ ಸರ್."

"ಮನ್ಯಾಗ ಎಲ್ಲಾರೂ ಗೆಲ್ಲತಾರ. ರವಿವಾರ ಬರ್ರಿ, ನೋಡೂಣು."

ಹೀಗೆ ಶುರುವಾಯಿತು. ಬಿಡುವಿದ್ದ ರವಿವಾರಗಳಲ್ಲಿ ಖಾನಾಪುರದಿಂದ ಬೆಳಗಿನ ಪ್ಯಾಸೆಂಜರ್ ಹಿಡಿದು ಬರುತ್ತಿದ್ದೆ. ಕಚೇರಿಯ ಹಿಂಭಾಗದಲ್ಲಿ ನೌಕರರ ಮನರಂಜನೆಯ ಕೋಣೆ. ಅಲ್ಲಿ ಒಂದು ಕಡೆ ಕೇರಂ ಸದ್ದು, ಇನ್ನೊಂದು ಕಡೆ ನಾವು. ಲೆಕ್ಕಿಗರು ಸದಾಶಿವನಗರದಿಂದ ಸೈಕಲ್ ಮೇಲೆ ಬರುತ್ತಿದ್ದರು. ಅವರ ನಿಯಮ ಒಂದೇ: ಪ್ರತಿ ನಡೆಯನ್ನೂ ಬರೆಯಬೇಕು; ಆಟ ಮುಗಿದ ಮೇಲೆ ಅದನ್ನು ಮತ್ತೆ ಬೋರ್ಡಿನ ಮೇಲೆ ಆಡಿ ನೋಡಬೇಕು. ಪುಸ್ತಕ ಕೊಡಿ ಎಂದು ಕೇಳಿದ್ದೆ. "ಮೊದಲ ನಿಮ್ಮ ಆಟ ಓದ್ರಿ. ಆಮ್ಯಾಲ ಮಂದೀದು," ಎಂದಿದ್ದರು.

ಅವರು ಹೇಳಿಕೊಟ್ಟ ಕ್ರಮ ಹೀಗಿತ್ತು. ಸೋತ ಆಟವನ್ನು ಕೊನೆಯಿಂದ ಹಿಂದಕ್ಕೆ ಬಿಚ್ಚಬೇಕು. ಒಂದೊಂದೇ ನಡೆ ಹಿಂದೆ ಹೋಗುತ್ತಾ, ಇಲ್ಲಿ ಇನ್ನೂ ಉಳಿಯಬಹುದಿತ್ತೇ ಎಂದು ಕೇಳಬೇಕು. ಹೌದು ಎನ್ನುವ ಜಾಗ ಸಿಕ್ಕಿದೊಡನೆ ನಿಲ್ಲಬೇಕು. ಅದರ ಮುಂದಿನ ನಡೆಯೇ ಕೆಟ್ಟ ನಡೆ. ಅದಕ್ಕೆ ಗುರುತು ಹಾಕಿ, ಆ ಹೊತ್ತಿನಲ್ಲಿ ನಾನು ಯಾವ ಕಡೆ ನೋಡುತ್ತಿದ್ದೆ ಎಂದು ಪಕ್ಕದಲ್ಲಿ ಒಂದು ವಾಕ್ಯ ಬರೆಯಬೇಕು. 'ಅವಸರ ಮಾಡಿದೆ', 'ಲಕ್ಷ್ಯ ಇರಲಿಲ್ಲ' ಎಂದು ಬರೆದರೆ ಅವರು ಒಪ್ಪುತ್ತಿರಲಿಲ್ಲ. "ಲಕ್ಷ್ಯ ಎಲ್ಲಿತ್ತು? ಎಲ್ಲೋ ಇದ್ದಿರಬೇಕಲ್ಲ? ಅದನ್ನ ಬರೀರಿ."

ಕಷ್ಟದ ಕೆಲಸ. ಸೋತ ಆಟವನ್ನು ಮತ್ತೆ ನೋಡುವುದೆಂದರೆ ಯಾರಿಗೂ ಇಷ್ಟವಾಗುವುದಿಲ್ಲ. ಆದರೆ ನನಗೆ ಆಗ ಇಷ್ಟ, ಕಷ್ಟ ಎರಡೂ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಉಪಕೇಂದ್ರದಲ್ಲಿ ಮೀಟರುಗಳನ್ನು ನೋಡಿ ಬರೆದ ಮೇಲೆ ಸಿಗುವ ಬಿಡುವಿನಲ್ಲಿ ಪುಟ್ಟ ಬೋರ್ಡು ಇಟ್ಟುಕೊಂಡು ಕೂರುತ್ತಿದ್ದೆ. ಕೆಲವು ವಾರಗಳಲ್ಲಿ ಒಂದು ಸಂಗತಿ ಸ್ಪಷ್ಟವಾಯಿತು. ಆಟ ತಿಳಿಯದೆ ನಾನು ಸೋಲುತ್ತಿರಲಿಲ್ಲ. ನನ್ನ ಬೇತುಗಳು, ಮುಂದಿನ ಯೋಜನೆಗಳು, ಕೆಟ್ಟವಾಗಿರಲಿಲ್ಲ. ಬಹುತೇಕ ಎಲ್ಲ ಆಟಗಳಲ್ಲೂ ಯಾವುದೋ ಒಂದು ಕಾಯಿಯನ್ನು ಕಾವಲಿಲ್ಲದ ಜಾಗದಲ್ಲಿ ಇಡುತ್ತಿದ್ದೆ. ಎದುರಿನವರು ಸುಮ್ಮನೆ ಎತ್ತಿಕೊಳ್ಳುತ್ತಿದ್ದರು. ಅದಾದ ಮೇಲೆ ಉಳಿದದ್ದು ಸಾಯುವವರೆಗಿನ ಕಾಯುವಿಕೆ. ಅದೂ, ಒಳ್ಳೆಯದೊಂದು ಬೇತು ಹೊಳೆದ ತಕ್ಷಣವೇ ಹೀಗಾಗುತ್ತಿತ್ತು.

ಕಾರಣ ಗೊತ್ತಿದ್ದರೂ ನಿಲ್ಲಲಿಲ್ಲ. ಇವತ್ತು ಆನೆ, ಮುಂದಿನ ವಾರ ಕುದುರೆ. ಕೇರಂ ಆಡುವವರಿಗೂ ಗೊತ್ತಾಗಿಹೋಯಿತು. "ಏನ ಲೆಕ್ಕದ ಸಾಹೇಬ್ರ, ಇವತ್ತ ಖಾನಾಪುರದಿಂದ ಏನ ಬಂತು, ಆನಿಯೋ ಕುದರಿಯೋ?" ಎಂದು ಅಲ್ಲಿಂದಲೇ ಕೂಗುತ್ತಿದ್ದರು. ಲೆಕ್ಕಿಗರು, "ಇನ್ನೂ ಗಾಡಿ ಇಳದಿಲ್ಲ, ತಡೀರಿ," ಎನ್ನುತ್ತಿದ್ದರು. ನಾನೂ ನಗುತ್ತಿದ್ದೆ.

ಕಾರಣದ ಕಾರಣ ಸಿಕ್ಕಿದ್ದು ಒಂದು ರವಿವಾರ. ನಾನು ಒಂಟೆಯನ್ನು ಹೊಸ ಮನೆಯಲ್ಲಿಟ್ಟು ಅದರ ತಲೆಯ ಮೇಲೆ ಬೆರಳು ಇಟ್ಟುಕೊಂಡೇ ಕೂತಿದ್ದೆ. ಲೆಕ್ಕಿಗರು ಕನ್ನಡಕ ತೆಗೆದು ಕೆಳಗಿಟ್ಟರು.

"ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಕಾಯಿ ಇಟ್ಟು ನನ್ನ ಮಾರಿ ಯಾಕ ನೋಡ್ತೀರಿ?"

"ನಾನೇನ್ರಿ?"

"ಪ್ರತಿ ಸಲ. ಬೆರಳ ಬಿಡೂದಿಲ್ಲ, ನನ್ನ ಮಾರಿ ನೋಡ್ತೀರಿ, ಆಮ್ಯಾಲ ಬಿಡ್ತೀರಿ. ನನ್ನ ಮಾರಿ ಮ್ಯಾಲ ಏನ ಬರದೈತಿ? ಬೋರ್ಡ್ ನೋಡ್ರಿ." ಆಮೇಲೆ ಕೇಳಿದರು: "ಯಾರ ಜೋಡಿ ಆಡಿ ಕಲತೀರಿ ನೀವು?"

"ನಮ್ಮ ಮನೀಯಾಕಿ ಜೋಡಿ," ಎಂದೆ.

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡು ಒರೆಸಲು ಹೋದರು; ಆಮೇಲೆ ತೆಗೆದು ಒರೆಸಿದರು. ಅವತ್ತು ಮತ್ತೆ ಆಡಲಿಲ್ಲ.

ನನ್ನ ಹೆಂಡತಿಗೆ ಆಟ ಕಲಿಸಿದ್ದು ಅವಳ ಅಪ್ಪ. ಅವರ ಮನೆಯಲ್ಲಿ ಒಂದು ರೂಢಿ ಇತ್ತು: ಎದುರಿನವರ ವಜೀರನ ಮೇಲೆ ಕಣ್ಣು ಬಿದ್ದರೆ ಮೊದಲು ಬಾಯಿಂದ ಹೇಳಬೇಕು. ರಾಜನಿಗೆ ಶಹ ಕೊಟ್ಟಾಗ ಹೇಳುವುದಿಲ್ಲವೇ, ಹಾಗೆ. ಹೇಳದೆ ಎತ್ತುವುದು ಕಳ್ಳತನ ಎನ್ನುತ್ತಿದ್ದರಂತೆ ಅವರು. ಮದುವೆಯಾಗಿ ಬಂದ ಮೇಲೆ ಇವಳು ನನಗೆ ಕಲಿಸುತ್ತಾ ಆ ರೂಢಿಯನ್ನು ಎಲ್ಲ ಕಾಯಿಗಳಿಗೂ ಹಿಗ್ಗಿಸಿದಳು, ನಾನು ಅಷ್ಟು ಕೆಟ್ಟದಾಗಿ ಆಡುತ್ತಿದ್ದೆ. ನಾನು ಕಾಯಿ ಇಟ್ಟು ಬೆರಳು ಎತ್ತುವ ಮುಂಚೆ, "ರೀ, ಆನಿ ನೋಡ್ಕೋರಿ," ಎನ್ನುತ್ತಿದ್ದಳು. "ರೀ, ಕುದರಿ ನೋಡ್ಕೋರಿ." ನಾನು ನೋಡಿ ವಾಪಸ್ಸು ತೆಗೆದುಕೊಳ್ಳುತ್ತಿದ್ದೆ. ಆಮೇಲೆ ಅವಳು ಗೆಲ್ಲುತ್ತಿದ್ದಳು, ಆ ಮಾತು ಬೇರೆ. ಅಷ್ಟು ವರ್ಷ ನಾವು ಹಾಗೆಯೇ ಆಡಿದ್ದೆವು. ಬೇತು ಹಾಕುವುದು ನನ್ನ ಕೆಲಸ, ಕಾವಲು ಅವಳದು. ಈಗ ನಾನು ಎದುರಿಗಿದ್ದವರ ಮುಖ ನೋಡುತ್ತಿದ್ದದ್ದು ಆ ಮಾತಿಗಾಗಿ. ಯಾರೂ ಏನೂ ಹೇಳದಿದ್ದರೆ ಎಲ್ಲ ಸರಿ ಇದೆ ಎಂದು ಬೆರಳು ಎತ್ತುತ್ತಿದ್ದೆ.

ಮಗಳಿಗೂ ಆಟ ಅವ್ವನಿಂದಲೇ ಬಂದದ್ದು. ಹಿಂದವಾಡಿಗೆ ಹೋದಾಗ ಅವಳಿಗೆ ಹೇಳಿದೆ: ನೀನು ನನ್ನೊಂದಿಗೆ ಆಡು, ಆದರೆ ಏನೂ ಹೇಳಬೇಡ, ಸಿಕ್ಕಿದ್ದನ್ನು ಸುಮ್ಮನೆ ಎತ್ತು. ಅವಳು ಒಪ್ಪಿದಳು. ಸ್ವಲ್ಪ ಹೊತ್ತಿನಲ್ಲೇ ನನ್ನ ವಜೀರ ಕಾವಲಿಲ್ಲದೆ ನಿಂತಿತು. ಅವಳು ನನ್ನ ಕಡೆ ನೋಡಿದಳು, ತುಟಿ ಕಚ್ಚಿಕೊಂಡಳು, ಎತ್ತಿದಳು. ಬಾಗಿಲಲ್ಲಿ ಅವರೇಕಾಯಿ ಬಿಡಿಸುತ್ತಿದ್ದ ಅತ್ತೆ ಅದನ್ನು ಕಂಡರು.

"ಏನ ಹುಡುಗಿ, ಹೇಳದ ಎತ್ತತೀ? ನಿಮ್ಮವ್ವ ಹಿಂಗ ಮಾಡ್ತಿದ್ಲೇನ?"

"ಅಪ್ಪನ ಹೇಳ್ಯಾನ, ಅಜ್ಜಿ."

"ನಿಮ್ಮಪ್ಪಗ ಬುದ್ಧಿ ಇಲ್ಲ, ನಿನಗ ಇರಬಾರದೇನ?"

ಮಗಳು ವಜೀರನನ್ನು ಮೊದಲಿದ್ದ ಮನೆಗೇ ತಂದಿಟ್ಟಳು. "ನನ್ನಿಂದ ಆಗೂದಿಲ್ಲಪ್ಪಾ. ಬ್ಯಾರೆ ಯಾರರ ಜೋಡಿ ಆಡು," ಎಂದು ಎದ್ದು ಹೋದಳು. ಅವಳು ಪುಣೆಯ ಮಾತನ್ನು ನನ್ನ ಮುಂದೆ ಒಮ್ಮೆಯೂ ಎತ್ತಿರಲಿಲ್ಲ. ಆದರೆ ಅವಳ ಶಾಲೆಯ ಚೀಲದ ಪಕ್ಕ, ಅವಳ ಮಾಮಾ ಪುಣೆಯಿಂದ ಕಳಿಸಿದ ಮರಾಠಿ ಪಾಠದ ಪುಸ್ತಕಗಳು ಇದ್ದವು.

ಇನ್ನು ದಾರಿ ನಾನೇ ಹುಡುಕಬೇಕಿತ್ತು. ಅದು ನನ್ನ ಕೆಲಸದಲ್ಲಿಯೇ ಸಿಕ್ಕಿತು, ಅರ್ಧ ಮಟ್ಟಿಗೆ. ಉಪಕೇಂದ್ರದಲ್ಲಿ ಯಾವ ಲೈನನ್ನೂ ಒಬ್ಬರೇ ತೆಗೆಯುವುದಿಲ್ಲ, ಅಂದರೆ ಕರೆಂಟು ಕಡಿಯುವುದಿಲ್ಲ, ಒಬ್ಬರೇ ಹಾಕುವುದಿಲ್ಲ. ಬೆಳಗಾವಿಯಿಂದ ಫೋನಿನಲ್ಲಿ ಇಂಥ ಲೈನು ತೆಗೆಯಿರಿ ಎನ್ನುತ್ತಾರೆ. ಇಂಥ ಲೈನು ತೆಗೆಯುತ್ತಿದ್ದೇನೆ ಎಂದು ನಾನು ತಿರುಗಿ ಹೇಳಬೇಕು. ಹೌದು ಎಂದ ಮೇಲೆ, ಸ್ವಿಚ್ಚಿನ ಮೇಲಿನ ಹೆಸರನ್ನು ಇನ್ನೊಮ್ಮೆ ಓದಿ, ಆಮೇಲೆ ಕೈ. ಕಂಬದ ಮೇಲೆ ರಿಪೇರಿಯ ಮನುಷ್ಯ ಇರುತ್ತಾನೆ. ತಪ್ಪಿದರೆ ಅವನು ಹೋದ. ಅಷ್ಟು ವರ್ಷಗಳಲ್ಲಿ ಅಲ್ಲಿ ನನ್ನ ಕೈ ತಪ್ಪಿರಲಿಲ್ಲ. ಲೆಕ್ಕಿಗರಿಗೆ ಇದನ್ನು ಹೇಳಿದಾಗ, "ಅಲ್ಲಿ ಮಾಡೂದನ್ನ ಇಲ್ಲಿ ಮಾಡಾಕ ಏನ ಧಾಡಿ ನಿಮಗ?" ಎಂದರು.

ಆ ಕಾಲದ ಪಂದ್ಯದ ನಿಯಮದಲ್ಲಿ ನಡೆಯನ್ನು ಮೊದಲು ಬರೆದು ಆಮೇಲೆ ಕಾಯಿ ಎತ್ತಲು ಅಡ್ಡಿ ಇರಲಿಲ್ಲ. ಈಗ ಹಾಗೆ ಮಾಡುವಂತಿಲ್ಲವಂತೆ. ನಾನು ಮಾಡಿಕೊಂಡ ಕ್ರಮ ಇದು: ನಡೆಯನ್ನು ಯೋಚಿಸು, ಹಾಳೆಯಲ್ಲಿ ಬರೆ, ಪೆನ್ನು ಕೆಳಗಿಡು, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೋ, ಕಿಟಕಿಯ ಹೊರಗೆ ನೋಡು. ಆಮೇಲೆ, ಈಗಷ್ಟೇ ಪಾಳಿಗೆ ಬಂದವನಂತೆ ಬೋರ್ಡಿನ ಕಡೆ ತಿರುಗು. ಪಾಳಿ ವಹಿಸಿಕೊಳ್ಳುವವನು ಹಿಂದಿನವನ ಮಾತನ್ನು ನಂಬುವುದಿಲ್ಲ, ಯಾರ್ಡಿನಲ್ಲಿ ಒಂದು ಸುತ್ತು ಹಾಕಿ ತಾನೇ ನೋಡುತ್ತಾನೆ. ಹಾಗೆ ನಾಲ್ಕೂ ಮೂಲೆ ಸುತ್ತಿ, ಈ ನಡೆ ಆಡಿದರೆ ಯಾವ ಕಾಯಿಗೆ ಕಾವಲು ತಪ್ಪುತ್ತದೆ ಎಂದು ಕೇಳಿಕೋ. ಸಿಕ್ಕಿದರೆ ಬರೆದದ್ದನ್ನು ಹೊಡೆದು ಹಾಕು.

ಕ್ರಮ ಸರಿಯಾಗಿಯೇ ಇತ್ತು. ಆದರೆ ಫಲ ಕೊಡಲಿಲ್ಲ. ಕೇಳಿಕೊಳ್ಳುತ್ತಿದ್ದೆ, ಏನೂ ಇಲ್ಲ ಎಂಬ ಉತ್ತರ ಕೇಳುವ ಮೊದಲೇ ಬಂದುಬಿಡುತ್ತಿತ್ತು. ಕೇಳುವವನೂ ನಾನೇ, ಹೇಳುವವನೂ ನಾನೇ. ಮನೆಗೆ ಹೋಗುವ ಅವಸರದಲ್ಲಿರುವ ಇಬ್ಬರು ಆಪರೇಟರುಗಳು ಪಾಳಿ ಬದಲಿಸಿಕೊಂಡ ಹಾಗೆ. ಸಂಕ್ರಾಂತಿಯ ಹೊತ್ತಿಗೆ ಇನ್ನೊಂದು ಆನೆ ಹೋಯಿತು.

ಒಂದು ದಿನ ಆಟದ ನಡುವೆ, ಬೇಸತ್ತು, ಪ್ರಶ್ನೆಯನ್ನು ನನ್ನ ಮಾತಿನಲ್ಲಿ ಕೇಳುವುದನ್ನು ಬಿಟ್ಟೆ. ಹೆಂಡತಿಯ ದನಿಯಲ್ಲಿ ಕೇಳಿಸಿಕೊಂಡೆ. ರೀ, ಆನಿ ನೋಡ್ಕೋರಿ. ನನ್ನ ಕಣ್ಣು ತಾನಾಗಿ ಆನೆಯ ಕಡೆ ಹೋಯಿತು. ಅದು ಸುರಕ್ಷಿತವಾಗಿತ್ತು. ರೀ, ಕುದರಿ ನೋಡ್ಕೋರಿ. ಕುದುರೆಗೆ ಕಾವಲು ಇರಲಿಲ್ಲ. ಬರೆದದ್ದನ್ನು ಹೊಡೆದು ಹಾಕಿದೆ.

ಅವತ್ತಿನಿಂದ ಅದೇ ನನ್ನ ಕ್ರಮವಾಯಿತು. ಪ್ರತಿ ನಡೆಗೂ ಅವಳನ್ನು ಕರೆಯುತ್ತಿದ್ದೆ, ಏನೂ ಅಪಾಯ ಇಲ್ಲದಾಗಲೂ. ಆನೆ, ಒಂಟೆ, ಕುದುರೆ, ವಜೀರ, ಒಂದೊಂದನ್ನೂ ಅವಳು ಹೆಸರು ಹಿಡಿದು ಹೇಳಬೇಕು, ನಾನು ನೋಡಬೇಕು. ಪುಕ್ಕಟೆ ಕಾಯಿ ಕೊಡುವುದು ನಿಂತಿತು. ಕೇರಂನವರ ಕೂಗು ನಿಂತಿತು. ಲೆಕ್ಕಿಗರು ನನ್ನನ್ನು ಸೋಲಿಸಲು ಈಗ ಮಧ್ಯಾಹ್ನದವರೆಗೆ ಕೂರಬೇಕಾಗುತ್ತಿತ್ತು. ಒಂದು ಸಲ ಆಟ ಸಮವಾದಾಗ, "ಸಾಹೇಬ್ರ, ನಿಮ್ಮ ಕೂಡ ಆಡೂದಂದ್ರ ಗ್ವಾಡಿ ಕೂಡ ಆಡಿದಂಗ ಆಗೈತಿ. ಏನ ಮಾಡೀರಿ?" ಎಂದು ಕೇಳಿದರು. ನಾನು ನಡೆಗಳ ಹಾಳೆಯನ್ನು ಮಡಚಿ ಕಿಸೆಗೆ ಹಾಕಿಕೊಂಡೆ.

ಆ ದಿನಗಳಲ್ಲಿಯೇ ಇನ್ನೊಂದು ಅಭ್ಯಾಸ ಅಂಟಿಕೊಂಡಿತು. ಹಿಂದಕ್ಕೆ ಬಿಚ್ಚುವ ಕ್ರಮ ಕೈಗೆ ಹತ್ತಿದ ಮೇಲೆ ಅದು ಆಟಕ್ಕೆ ಮಾತ್ರ ನಿಲ್ಲಲಿಲ್ಲ. ರೈಲಿನಲ್ಲಿ ಕೂತರೆ ಅವಳ ಕಾಯಿಲೆಯನ್ನು ಕೊನೆಯಿಂದ ಬಿಚ್ಚತೊಡಗುತ್ತಿದ್ದೆ. ಕೊನೆಯ ವಾರ, ಇಲ್ಲಿ ಉಳಿಯಬಹುದಿತ್ತೇ? ಇಲ್ಲ. ಅದರ ಹಿಂದಿನದು, ದೊಡ್ಡ ಡಾಕ್ಟರು ಬಂದು ನೋಡಿದ ದಿನ? ಆಗಲೂ ಇಲ್ಲ. ಖಾನಾಪುರದ ಡಾಕ್ಟರು ಕಣ್ಣು ಹಳದಿಯಾಗಿದೆ ಎಂದು ಹೇಳಿದ ದಿನವೇ ಬೆಳಗಾವಿಗೆ ತಂದಿದ್ದೆ. ಮಿರಜಿನ ದೊಡ್ಡ ಆಸ್ಪತ್ರೆಗೆ ಒಯ್ಯಬೇಕಿತ್ತೇ ಎಂಬುದನ್ನು ಹಿಡಿದುಕೊಂಡೆ. ಅಲ್ಲಿಯೂ ಕಾಗದಪತ್ರ ತೋರಿಸಿ ಕೇಳಿಸಿದ್ದೆವು, ಇದೇ ಔಷಧಿ ಎಂದಿದ್ದರು. ಅದರ ಹಿಂದೆ ಅವಳು ಆರಾಮಾಗಿದ್ದ ದಿನಗಳು. ಬಟ್ಟೆ ಒಣಹಾಕುತ್ತಿದ್ದಳು, ಮಳೆ ಬಂದರೆ ಓಡಿ ತೆಗೆಯುತ್ತಿದ್ದಳು. ಗುರುತು ಹಾಕುವ ಜಾಗ ಎಲ್ಲಿಯೂ ಸಿಗಲಿಲ್ಲ. ಸಿಕ್ಕಿದ್ದರೆ ಒಳ್ಳೆಯದಿತ್ತು ಅನ್ನಿಸುತ್ತಿತ್ತು. ದೂರಲು ಒಂದು ನಡೆ ಸಿಕ್ಕಿದ್ದರೆ ಅದನ್ನು ಹಿಡಿದುಕೊಂಡು ಕೂರಬಹುದಿತ್ತು.

ಲೆಕ್ಕಿಗರನ್ನು ಆಟದ ಮಾತು ಎನ್ನುವ ಹಾಗೆ ಕೇಳಿದೆ: "ಎಷ್ಟ ಹಿಂದ ಹೋದ್ರೂ ತಪ್ಪ ಸಿಗೂದಿಲ್ಲ, ಅಂಥಾ ಆಟ ಇರ್ತಾವೇನ್ರಿ ಸರ್?"

"ಇರ್ತಾವ್ರಿ. ಎದುರಿನಾಂವ ನಮಗಿಂತ ಚೊಲೊ ಆಡಿರ್ತಾನ," ಎಂದರು. ಅವರಿಗೆ ನಾನು ಯಾವುದರ ಬಗ್ಗೆ ಕೇಳುತ್ತಿದ್ದೇನೆ ಎಂದು ತಿಳಿದಿರಬೇಕು. ಮುಂದಿನ ಆಟಕ್ಕೆ ಕಾಯಿ ಜೋಡಿಸುವಾಗ ನನ್ನ ಕಾಯಿಗಳನ್ನೂ ಅವರೇ ಜೋಡಿಸಿದರು.

ಹೋಳಿಯ ಹೊತ್ತಿಗೆ ನಾನು ಬೇರೆ ಆಟಗಾರನಾಗಿದ್ದೆ. ಆಗಲೇ ಗಮನಕ್ಕೆ ಬಂದದ್ದು. ಆನೆ, ಒಂಟೆ, ಕುದುರೆ ಎಂದು ಸುತ್ತು ಹಾಕುವುದು ರೂಢಿಯಾಗಿ, ಈಗ ಕ್ಷಣದಲ್ಲಿ ಮುಗಿಯುತ್ತಿತ್ತು. ಮಾತು ಇತ್ತು, ದನಿ ಇರಲಿಲ್ಲ. ಒಂದು ಮಧ್ಯಾಹ್ನ ಉಪಕೇಂದ್ರದಲ್ಲಿ ಕೂತು, ಆಟವಿಲ್ಲದೆ, ಬೇಕೆಂದೇ ಅವಳನ್ನು ಕರೆದೆ. ರೀ, ಆನಿ ನೋಡ್ಕೋರಿ. ನನ್ನದೇ ದನಿ. ಹೊರಗೆ ಹೋಗಿ ಟ್ರಾನ್ಸ್‌ಫಾರ್ಮರಿನ ಹತ್ತಿರ ನಿಂತು, ಅದರ ಗುಂಯ್ ಸದ್ದಿನ ನಡುವೆ ಮತ್ತೆ ಕರೆದು ನೋಡಿದೆ. ಅವಳು ಅಡುಗೆಮನೆಯಿಂದ ಕೂಗುತ್ತಿದ್ದ ಬೇರೆ ಮಾತುಗಳನ್ನು ನೆನಪಿಸಿಕೊಂಡೆ. ಮಾತುಗಳು ಬಂದವು. ಆ ದನಿಯನ್ನು ದಿನಕ್ಕೆ ನೂರು ಸಲ ಎಳೆದೆಳೆದು ಬಳಸಿದ್ದೆ, ಸವೆದು ಹೋಗಿತ್ತು. ನಮ್ಮ ಮನೆಯಲ್ಲಿ ಅವಳ ದನಿಯ ಒಂದು ಕ್ಯಾಸೆಟ್ಟೂ ಇರಲಿಲ್ಲ.

ಈ ಕ್ರಮವನ್ನು ಬಿಟ್ಟುಬಿಡಬೇಕು ಅನ್ನಿಸಿತು. ಆದರೆ ಬಿಟ್ಟರೆ ದನಿ ತಿರುಗಿ ಬರುತ್ತದೆ ಎಂದೇನೂ ಇರಲಿಲ್ಲ. ಬಿಡದಿದ್ದರೆ ಮಗಳು ಉಳಿಯಬಹುದಿತ್ತು.

ಆಯ್ಕೆ ಪಂದ್ಯ ಪರೀಕ್ಷೆಗಳು ಮುಗಿದ ವಾರದಲ್ಲಿ ಅದೇ ಕೋಣೆಯಲ್ಲಿ ನಡೆಯಿತು. ಎಲ್ಲರೂ ಎಲ್ಲರೊಂದಿಗೆ ಆಡಬೇಕು. ಮೊದಲ ನಾಲ್ವರು ತಂಡಕ್ಕೆ. ನಾನು ಒಂದೂ ಕಾಯಿಯನ್ನು ಪುಕ್ಕಟೆ ಕೊಡಲಿಲ್ಲ. ಹಾಗೆಂದು ಹೆಚ್ಚು ಗೆಲ್ಲಲೂ ಇಲ್ಲ. ನನ್ನ ಬಹಳಷ್ಟು ಆಟಗಳು ಸಮವಾದವು. ತಪ್ಪು ಮಾಡುವವರು ಎದುರಿಗೆ ಬಂದಾಗ ಗೆದ್ದೆ, ಮಾಡದವರ ಜೊತೆ ಅರ್ಧ ಹಂಚಿಕೊಂಡೆ, ಲೆಕ್ಕಿಗರಿಗೆ ಸೋತೆ. ಕೊನೆಯ ಸುತ್ತಿಗೆ ಬಂದಾಗ ನಾಲ್ಕನೇ ಜಾಗದಲ್ಲಿ ಮಚ್ಛೆಯ ಉಗ್ರಾಣದ ಸ್ಟೋರ್‌ಕೀಪರ್ ಇದ್ದರು, ನನಗಿಂತ ಅರ್ಧ ಅಂಕ ಮುಂದೆ. ಕೊನೆಯ ಆಟ ನಮ್ಮಿಬ್ಬರ ನಡುವೆಯೇ ಇತ್ತು. ಅವರಿಗೆ ಸಮ ಸಾಕು. ನನಗೆ ಗೆಲುವೇ ಬೇಕು.

ಅವರು ನಿಧಾನದ, ಜಾಗರೂಕ ಮನುಷ್ಯ. ಊಟದ ಹೊತ್ತಿಗೆ ವಜೀರಗಳು, ಕುದುರೆಗಳು, ಒಂಟೆಗಳು ಎಲ್ಲ ಹೋಗಿ, ಇಬ್ಬರಿಗೂ ಒಂದೊಂದು ಆನೆ, ಒಂದಷ್ಟು ಪ್ಯಾದೆಗಳು ಉಳಿದಿದ್ದವು. ಅವರು ಕೈ ಚಾಚಿದರು.

"ಸಾಕಲ್ರಿ? ಅರ್ಧ ಅರ್ಧ ಹಂಚ್ಕೊಳ್ಳೂಣು."

ಬೋರ್ಡು ನೋಡಿದೆ. ನನ್ನ ಆನೆ ನನ್ನ ಹಿಂದಿನ ಸಾಲನ್ನು ಕಾಯುತ್ತಿತ್ತು. ಅದನ್ನು ಅಲ್ಲೇ ಆಚೆ ಈಚೆ ಆಡಿಸುತ್ತಿದ್ದರೆ ಯಾರೂ ನನ್ನನ್ನು ಸೋಲಿಸುವಂತಿರಲಿಲ್ಲ. ಇನ್ನೊಂದು ದಾರಿ ಇತ್ತು: ಆನೆಯನ್ನು ಕಾವಲಿನಿಂದ ತೆಗೆದು ಅವರ ಮನೆಯೊಳಗೆ ನುಗ್ಗಿಸುವುದು. ಅಲ್ಲಿ ಎರಡು ಪ್ಯಾದೆ ಸಿಗುತ್ತವೆ. ಅಷ್ಟರಲ್ಲಿ ಅವರ ಆನೆ ನನ್ನ ಮನೆಗೆ ಬಂದು ನನ್ನ ಪ್ಯಾದೆಗಳನ್ನು ತಿನ್ನುತ್ತದೆ. ಆಮೇಲೆ ಉಳಿಯುವುದು ಓಟ, ಯಾರ ಪ್ಯಾದೆ ಮೊದಲು ಕೊನೆಯ ಸಾಲು ಮುಟ್ಟಿ ವಜೀರ ಆಗುತ್ತದೆ ಎಂದು.

ನಡೆ ಬರೆದೆ. ಪೆನ್ನು ಕೆಳಗಿಟ್ಟೆ. ಕೈ ತೊಡೆಯ ಕೆಳಗಿಟ್ಟುಕೊಂಡೆ. ಕಾವಲು ತಪ್ಪುತ್ತದೆಯೇ? ತಪ್ಪುತ್ತದೆ, ಅದಕ್ಕೆ ಯಾರ ದನಿಯೂ ಬೇಕಿರಲಿಲ್ಲ. ನನ್ನ ಕ್ರಮದ ಪ್ರಕಾರ ಬರೆದದ್ದನ್ನು ಹೊಡೆದು ಹಾಕಬೇಕು. ಓಟವನ್ನು ಕೊನೆಯವರೆಗೆ ಎಣಿಸಲು ನನ್ನಿಂದ ಆಗಲಿಲ್ಲ. ಕಂಡಷ್ಟರಲ್ಲಿ, ಅವರು ಎಲ್ಲವನ್ನೂ ಸರಿಯಾಗಿ ಆಡಿದರೆ ನಾನು ಒಂದು ಹೆಜ್ಜೆ ಹಿಂದೆ ಬೀಳುತ್ತಿದ್ದೆ. ಅವರು ಒಮ್ಮೆ ತಪ್ಪಿದರೆ ಗೆಲುವು ನನ್ನದು. ಇಡೀ ಚಳಿಗಾಲ ನಾನು ಕಲಿತದ್ದು ಸೋಲದಿರುವುದನ್ನು. ಇಲ್ಲಿ ಬರೀ ಸೋಲದೆ ಉಳಿದರೂ ಮಗಳು ಹೋಗುತ್ತಾಳೆ.

"ಇಲ್ರಿ, ಆಡೂಣು," ಎಂದೆ. ಆನೆಯನ್ನು ಎತ್ತಿ ಅವರ ಮನೆಯೊಳಗೆ ಇಟ್ಟೆ.

ಅವರು ಅಚ್ಚರಿಯಿಂದ ನೋಡಿದರು. ಬಹಳ ಹೊತ್ತು ಯೋಚಿಸಿದರು. ಆಮೇಲೆ ಸರಿಯಾದ ನಡೆಯನ್ನೇ ಆಡಿದರು. ಮುಂದಿನದೂ ಸರಿ. ಅದರ ಮುಂದಿನದೂ. ಒಂದು ಕಡೆ ತಪ್ಪಲು ಒಳ್ಳೆಯ ಅವಕಾಶ ಇತ್ತು. ಅವರ ಕೈ ಆ ಕಡೆ ಹೋಗಿ, ಗಾಳಿಯಲ್ಲಿ ನಿಂತು, ಹಿಂದೆ ಬಂತು. ಅವರ ಪ್ಯಾದೆ ಕೊನೆಯ ಸಾಲು ಮುಟ್ಟಿದಾಗ ನನ್ನದು ಒಂದು ಮನೆ ಹಿಂದಿತ್ತು.

"ಬರೊಬ್ಬರಿ ಇತ್ತಲ್ರಿ ಆಟ. ಯಾಕ ಬ್ಯಾಡಂದ್ರಿ?" ಎಂದರು ಸ್ಟೋರ್‌ಕೀಪರ್, ಕೈ ಕುಲುಕುತ್ತಾ. ಅವರಿಗೆ ನನ್ನ ವಿಷಯ ಏನೂ ತಿಳಿದಿರಲಿಲ್ಲ.

ಎಲ್ಲರೂ ಹೋದ ಮೇಲೆ ಲೆಕ್ಕಿಗರು ಹಾಳೆ ತೆಗೆದುಕೊಂಡು ಆಟವನ್ನು ಹಿಂದಕ್ಕೆ ಬಿಚ್ಚಿದರು. ಆನೆ ನುಗ್ಗಿಸಿದ ನಡೆಯಲ್ಲಿ ನಿಂತರು. ಅದರ ಬದಲು ಬೇರೆ ಏನಾದರೂ ಇತ್ತೇ ಎಂದು ನಾಲ್ಕಾರು ತರಹ ಆಡಿ ನೋಡಿದರು. ಎಲ್ಲ ಸಮವೇ. ಅದಕ್ಕೂ ಹಿಂದೆ ಹೋದರು, ಎಲ್ಲಿಯೂ ಗೆಲುವಿನ ದಾರಿ ಇರಲಿಲ್ಲ.

"ನೀವು ತಪ್ಪಿಲ್ಲ ಸಾಹೇಬ್ರ," ಎಂದರು ಕೊನೆಗೆ. "ಸೋತೀರಿ, ಅಷ್ಟ."

ನಾನು ಹೂಂ ಎಂದೆ. ಮುಂದಿನ ವರ್ಷ ಮತ್ತೆ ಬರಬೇಕು, ನಿಮ್ಮ ಆಟ ಈಗ ಗಟ್ಟಿಯಾಗಿದೆ ಎಂದರು. ಮುಂದಿನ ವರ್ಷ ಮಗಳು ಹತ್ತನೇ ತರಗತಿಗೆ ಹೋಗುತ್ತಾಳೆ, ಹತ್ತನೇ ತರಗತಿಯ ಹುಡುಗಿಯನ್ನು ಯಾರೂ ಊರು ಬದಲಿಸುವುದಿಲ್ಲ ಎಂದು ಅವರಿಗೆ ಹೇಳಲಿಲ್ಲ.

ಅಲ್ಲಿಂದ ಹಿಂದವಾಡಿಗೆ ನಡೆದೇ ಹೋದೆ. ಮಗಳು ಗೇಟಿನಲ್ಲಿಯೇ ಇದ್ದಳು.

"ಯಾವ ಕಾಯಿ ಕೊಟ್ಟಿ?" ಎಂದು ಕೇಳಿದಳು.

"ಯಾವುದೂ ಕೊಡಲಿಲ್ಲ."

"ಮತ್ತ?"

"ಅವರು ಡ್ರಾ ಕೇಳಿದ್ರು. ನಾ ಒಲ್ಲೆ ಅಂದೆ. ಆಮ್ಯಾಲ ಸೋತೆ."

ಅವಳು ಗೇಟಿನ ಚಿಲಕವನ್ನು ಮೇಲೆ ಕೆಳಗೆ ಮಾಡುತ್ತಾ ಯೋಚಿಸಿದಳು. "ಡ್ರಾ ತಗೊಂಡಿದ್ರ ನಾ ಇಲ್ಲೇ ಇರ್ತಿದ್ನೇನು?"

"ಇಲ್ಲ."

"ಹಂಗಿದ್ರ ಚೊಲೊ ಮಾಡಿದಿ," ಎಂದಳು. ಅತ್ತೆ ಒಳಗಿನಿಂದ, ಬಿಸಿಲಾಗ ಯಾಕ ನಿಂತೀರಿ, ಒಳಗ ಬರ್ರಿ ಎಂದು ಕರೆದರು. ಊಟಕ್ಕೆ ಕೂತೆವು.

ಮೇ ತಿಂಗಳಲ್ಲಿ ಅವಳ ಮಾಮಾ ಬಂದರು. ಸಾಮಾನು ಕಟ್ಟಿದ್ದಾಯಿತು. ಅವರನ್ನು ಕಳಿಸಲು ಬೆಳಗಾವಿ ಸ್ಟೇಷನ್ನಿಗೆ ಹೋದೆ. ಅವರ ಗಾಡಿ ತಡವಾಗಿತ್ತು. ನನಗೆ ಮಧ್ಯಾಹ್ನದ ಪಾಳಿ ಇತ್ತು. ಬದಲಿಗೆ ಬರಬೇಕಾದವನ ಮನೆಯಲ್ಲಿ ಮದುವೆ. ನನ್ನ ಪ್ಯಾಸೆಂಜರ್ ಮೊದಲು ಬಂತು.

"ಹೋಗ್ರಿ ಭಾವಜಿ, ಡ್ಯೂಟಿ ತಪ್ಪಿಸಬ್ಯಾಡ್ರಿ. ನಾ ಇದ್ದೀನಲ್ಲ," ಎಂದರು ಹೆಂಡತಿಯ ತಮ್ಮ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಟ್ರಂಕಿನ ಮೇಲೆ ಕೂತಿದ್ದರು.

ಹತ್ತಿ ಕಿಟಕಿಯ ಹತ್ತಿರ ಕೂತೆ. ಮಗಳು ಕಿಟಕಿಯ ಸರಳು ಹಿಡಿದು ನಿಂತಳು. ಗಾಡಿ ಅಲುಗಿತು. ಅವಳು ಸರಳು ಬಿಡದೆ ನಾಲ್ಕು ಹೆಜ್ಜೆ ಜೊತೆಗೆ ನಡೆದಳು. ಅವಳ ಮಾಮಾ ಹಿಂದಿನಿಂದ ಕೂಗಿದ ಮೇಲೆ ಬಿಟ್ಟಳು. ತಿರುಗಿ ನೋಡಿದಾಗ ಅವಳು ಅಲ್ಲೇ ನಿಂತಿದ್ದಳು. ಕಳಿಸಲು ಬಂದವನು ನಾನು. ಹೊರಟವನೂ ನಾನೇ ಆದೆ. ಅವಳು ಪ್ಲಾಟ್‌ಫಾರ್ಮಿನ ಮೇಲೆ ನಿಂತು, ನನ್ನ ಗಾಡಿ ಮರೆಯಾಗುವವರೆಗೆ ಕೈ ಬೀಸಿದಳು.